ಅಪ್ಪಂದಿರ ಡ್ರಿಲ್ಲು

ನಮ್ಮಪ್ಪ ಲೆಕ್ಕದ ಮೇಷ್ಟ್ರು. ರಾಜಾಜಿನಗರದ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ಎರಡು ಕೆಲಸ ಮಾಡಿದರು. ಒಂದು, ಲೆಕ್ಕ ಹೇಳಿಕೊಟ್ಟರು. ಇನ್ನೊಂದು, ಡ್ರಿಲ್ ಪೀರಿಯಡ್ಡು ಕದ್ದರು. ಪರೀಕ್ಷೆ ಹತ್ತಿರ ಬಂದರೆ ಸಾಕು, ವಾರಕ್ಕೆ ಇದ್ದ ಎರಡು ಆಟದ ಪೀರಿಯಡ್ಡುಗಳನ್ನೂ ಸ್ಪೆಷಲ್ ಕ್ಲಾಸೆಂದು ಹೊಡೆದುಕೊಂಡುಬಿಡುತ್ತಿದ್ದರು. ಅಪ್ಪನ ಪಂಚಾಂಗದಲ್ಲಿ ಪರೀಕ್ಷೆ ಜುಲೈನಿಂದಲೇ ಹತ್ತಿರ ಬರುತ್ತಿತ್ತು. ಡ್ರಿಲ್ ಮೇಷ್ಟ್ರು ಕೊರಳಿಗೆ ಸೀಟಿ ನೇತುಹಾಕಿಕೊಂಡು ಬಾಗಿಲವರೆಗೆ ಬಂದು, ಬೋರ್ಡಿನ ಮೇಲೆ ಆಗಲೇ ಅರ್ಧ ದಾರಿ ಸಾಗಿದ್ದ ಪ್ರಮೇಯ ನೋಡಿ, "ಮುಂದುವರಿಸಿ ಸಾರ್" ಎಂದು ಬಂದ ದಾರಿಗೆ ಸುಂಕವಿಲ್ಲದೆ ವಾಪಸ್ಸು ಹೋಗುತ್ತಿದ್ದರು. ಆಗಸ್ಟ್ ಹದಿನೈದರಂದು ಲಾಡು ಹಂಚುವುದು, ಪ್ರಾರ್ಥನೆಯಲ್ಲಿ ಪಿಸುಗುಟ್ಟಿದವರ ಕಿವಿ ಹಿಂಡುವುದು, ಇವೇ ಆ ಮನುಷ್ಯನಿಗೆ ಉಳಿದಿದ್ದ ವಿದ್ಯೆಗಳು. ನಾನೂ ಅದೇ ಸ್ಕೂಲಿನಲ್ಲಿ ಓದಿದವಳು. ಖೋ-ಖೋ ಆಡಬೇಕಾದ ಎಷ್ಟೋ ಮಧ್ಯಾಹ್ನಗಳನ್ನು ನನ್ನ ಸ್ವಂತ ಅಪ್ಪನೇ ತ್ರಿಕೋನಗಳಿಗೆ ಬಲಿ ಕೊಟ್ಟಿದ್ದಾರೆ.

ಇಂಥ ಮನೆಯಲ್ಲಿ ಹುಟ್ಟಿದ ನಾನು, ಪಿ.ಯು.ಸಿ. ಫಲಿತಾಂಶ ಬಂದ ವಾರ, ರಾತ್ರಿ ಊಟಕ್ಕೆ ಕೂತಾಗ ಹೇಳಿದೆ: "ನಾನು ಬಿ.ಎಸ್ಸಿ. ಸೇರಲ್ಲ. ದೈಹಿಕ ಶಿಕ್ಷಣದ ಡಿಗ್ರಿ ಮಾಡ್ತೀನಿ."

ಅಪ್ಪನ ಕೈಯಲ್ಲಿದ್ದ ಹುಳಿಯನ್ನದ ತುತ್ತು ತಟ್ಟೆಗೂ ಬಾಯಿಗೂ ಮಧ್ಯೆ ನಿಂತಿತು. "ಅಂದ್ರೆ? ಡ್ರಿಲ್ ಮೇಷ್ಟ್ರು?"

"ಮೇಷ್ಟ್ರಲ್ಲ, ಮೇಡಂ."

"ಎಡ ಯಾವ್ದು, ಬಲ ಯಾವ್ದು ಅಂತ ಹೇಳ್ಕೊಡೋಕೆ ಮೂರು ವರ್ಷ ಓದ್ಬೇಕಾ?"

ಮೂಲೆಯಲ್ಲಿ ಅವಲಕ್ಕಿ ಆರಿಸುತ್ತಿದ್ದ ಅಜ್ಜಿಗೆ ವಿಷಯ ತಡವಾಗಿ ಮುಟ್ಟಿತು. "ಓಡೋಕ್ಕೂ ಡಿಗ್ರಿ ಕೊಡ್ತಾರೇನೇ? ನನ್ನ ಒಂದ್ಸಲ ಕೋಣ ಅಟ್ಟಿಸ್ಕೊಂಡ್ ಬಂದಿತ್ತು. ಯಾವ ಡಿಗ್ರಿನೂ ಇಲ್ದೆ ಓಡಿದ್ದೆ ಕಣೇ. ಕೋಣಕ್ಕೂ ಡಿಗ್ರಿ ಇರ್ಲಿಲ್ಲ" ಎಂದಳು. ಅಮ್ಮ ನಗು ತಡೆಯಲು ಒಳಗೆ ಹೋಗಿ ಸುಮ್ಮನೆ ಒಂದು ಪಾತ್ರೆ ಬೀಳಿಸಿದಳು.

ಅಪ್ಪನ ಲೆಕ್ಕ ಬೇರೆ ಇತ್ತು. ಬಿ.ಎಸ್ಸಿ., ಆಮೇಲೆ ಬಿ.ಎಡ್., ಆಮೇಲೆ ನಮ್ಮ ಕಡೆಯದೇ ಯಾವುದಾದರೂ ಹುಡುಗಿಯರ ಶಾಲೆಯಲ್ಲಿ ಲೆಕ್ಕದ ಟೀಚರು. ಒಂದೊಂದು ಹೆಜ್ಜೆಗೂ ಕಾರಣ ಬರೆದು, ಕೊನೆಯಲ್ಲಿ 'ಸಾಧಿಸಬೇಕಾದದ್ದು ಇದೇ' ಎಂದು ಗೆರೆ ಎಳೆಯುವವರ ಹಾಗೆ ನನ್ನ ಬದುಕನ್ನು ಅವರು ಬಿಡಿಸಿ ಇಟ್ಟಿದ್ದರು. ನನ್ನ ಹತ್ತಿರ ಅಷ್ಟು ಅಚ್ಚುಕಟ್ಟಾದ ಕಾರಣಗಳು ಇರಲಿಲ್ಲ.

ಇದ್ದದ್ದು ಒಂದು ಕೆಟ್ಟ ಚಾಳಿ. ಚಿಕ್ಕಂದಿನಿಂದಲೂ ನನಗೆ ಜನರ ಮುಖಕ್ಕಿಂತ ಮೊದಲು ಅವರ ಮೈ ಓಡಾಡುವ ರೀತಿ ಕಾಣುತ್ತದೆ. ಎದುರುಮನೆ ಆಂಟಿ ಹಿಮ್ಮಡಿ ಕುಟ್ಟಿ ನಡೆಯುವುದರಿಂದ ಅವರಿಗೆ ಸೊಂಟನೋವು ಬರುತ್ತದೆಂದು ನಾನು ಭವಿಷ್ಯ ನುಡಿದಿದ್ದೆ. ಬಂತು, ನನ್ನ ನಾಲಿಗೆ ಕರಿ ನಾಲಿಗೆ ಎಂದು ಬೈದರು. ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ಮೆಷಿನ್ನಿನ ಮುಂದೆ ನಿಲ್ಲುತ್ತಿದ್ದ ನಮ್ಮ ಚಿಕ್ಕಪ್ಪ ಮದುವೆಯ ಗುಂಪು ಫೋಟೋದಲ್ಲೂ ಬಲಕ್ಕೆ ವಾಲಿಕೊಂಡೇ ನಿಂತಿದ್ದಾರೆ. ಅಜ್ಜಿ ನೆಲದಿಂದ ಏಳುವುದು ಕಂತಿನಲ್ಲಿ: ಮೊದಲು ಒಂದು ಕೈ, ಆಮೇಲೆ ದೇವರ ಹೆಸರು, ಆಮೇಲೆ ಮೊಣಕಾಲು, ಕೊನೆಗೆ ಸೊಸೆಯ ಹೆಸರು. ಇವೆಲ್ಲ ಯಾಕೆ ಹೀಗೆ ಎಂದು ಕೇಳಿದರೆ 'ವಯಸ್ಸಾಯ್ತು' ಎಂದೋ 'ವಾಯು' ಎಂದೋ ಹೇಳಿ ಮುಗಿಸುತ್ತಿದ್ದರು. ಇಪ್ಪತ್ತರ ಹುಡುಗನಿಗೆ ನೋವು ಬಂದರೆ ವಾಯು, ಎಪ್ಪತ್ತರ ಮುದುಕನಿಗೆ ಬಂದರೆ ವಯಸ್ಸು. ಅಷ್ಟರಲ್ಲಿ ಶಾಸ್ತ್ರ ಸಮಾಪ್ತಿ.

ಪಿ.ಯು.ಸಿ.ಯಲ್ಲಿ ಒಂದು ದಿನ ಕಪ್ಪೆ ಕುಯ್ಯಿಸಿದರು. ಸತ್ತ ಕಪ್ಪೆಯ ತೊಡೆಯ ನರಕ್ಕೆ ಮೇಷ್ಟ್ರು ಬ್ಯಾಟರಿಯ ತಂತಿ ಮುಟ್ಟಿಸಿದ್ದೇ ತಡ, ಕಾಲು ಫಟ್ಟನೆ ಒದೆಯಿತು. ನನ್ನ ಪಕ್ಕದವಳು ಕಿರುಚಿ ಸ್ಟೂಲು ಬೀಳಿಸಿದಳು. ನಾನು "ಇನ್ನೊಂದ್ಸಲ ಸಾರ್" ಎಂದೆ. ಆ ಒದೆತ ನನ್ನ ತಲೆಯಿಂದ ಹೋಗಲೇ ಇಲ್ಲ. ಯಾವ ಎಳೆ ಯಾವುದನ್ನು ಎಳೆದರೆ ಮನುಷ್ಯ ಏಳುತ್ತಾನೆ, ಓಡುತ್ತಾನೆ, ಕುಂಟುತ್ತಾನೆ, ಇದನ್ನು ತಿಳಿದುಕೊಳ್ಳದೆ ಸತ್ತರೆ ನನಗೆ ಮುಕ್ತಿ ಇಲ್ಲ ಎನ್ನಿಸಿಬಿಟ್ಟಿತ್ತು. ಡಾಕ್ಟರಾಗುವಷ್ಟು ನಂಬರು ಇರಲಿಲ್ಲ. ಹಾಗಿರುವಾಗ ಕೆಂಗೇರಿ ಕಡೆಯ ಒಂದು ಕಾಲೇಜಿನಲ್ಲಿ ಇಂಥದ್ದೊಂದು ಡಿಗ್ರಿ ಇದೆಯೆಂದು ಹೇಳಿದ್ದು ನಮ್ಮ ಹಳೆಯ ಡ್ರಿಲ್ ಮೇಷ್ಟ್ರೇ. ಅಲ್ಲಿ ಆಟಗಳ ಜೊತೆಗೆ ಮೂಳೆ, ಸ್ನಾಯು, ಉಸಿರು ಎಲ್ಲದರ ಪಾಠ ಇತ್ತು. ಕಿನಿಸಿಯಾಲಜಿ ಎಂಬ ಒಂದು ಪೇಪರೇ ಇತ್ತು. ಮೈ ಹೇಗೆ ಚಲಿಸುತ್ತದೆ ಎನ್ನುವುದೇ ಅದರ ವಿಷಯ. ಇಷ್ಟು ಹೇಳಿ ಅವರು ನನ್ನನ್ನು ಕನಿಕರದಿಂದ ನೋಡಿ, "ಬೇಡ ಕಣಮ್ಮ. ಯಾರೂ ಮರ್ಯಾದೆ ಕೊಡಲ್ಲ. ನಿಮ್ಮ ತಂದೆಯವರನ್ನೇ ಕೇಳು" ಎಂದರು.

ಮನೆಯಲ್ಲಿ ಎರಡು ವಾರ ಮೌನ ನಡೆಯಿತು. ಅಪ್ಪ ನನಗೆ ಹೇಳಬೇಕಾದದ್ದನ್ನೆಲ್ಲ ಗೋಡೆಗೆ ಹೇಳುತ್ತಿದ್ದರು. "ಕೆಲವರಿಗೆ ಕಾಫಿ ಬೇಕೇನೋ ಕೇಳು" ಎಂಬ ರೀತಿ. ಕೊನೆಗೆ ದಾರಿ ಮಾಡಿದ್ದು ಅಮ್ಮ. "ರೀ, ಅದೇನೋ ಸೆಲೆಕ್ಷನ್ ಅಂತಲ್ಲ, ಹೋಗಿ ಬರ್ಲಿ ಬಿಡಿ. ಫೇಲಾದ್ರೆ ಬಾಯ್ಮುಚ್ಕೊಂಡು ಬಿ.ಎಸ್ಸಿ. ಸೇರ್ತಾಳೆ" ಎಂದಳು. ಈ ವಾದದ ತರ್ಕ ಅಪ್ಪನಿಗೆ ಹಿಡಿಸಿತು. ಆದರೂ ಒಂದು ಷರತ್ತು ಹಾಕಿದರು: ಸೆಲೆಕ್ಟಾದರೂ ಸೇರಿಸುವುದು ಬಿಡುವುದು ತಮಗೆ ಬಿಟ್ಟದ್ದು. ಅಂದರೆ ನಾನು ಸೋತರೂ ಬಿ.ಎಸ್ಸಿ., ಗೆದ್ದರೂ ಬಹುಶಃ ಬಿ.ಎಸ್ಸಿ. ಆದರೂ ಒಪ್ಪಿಕೊಂಡೆ, ಮುಳುಗುವವಳಿಗೆ ಹುಲ್ಲುಕಡ್ಡಿ.

ಸೆಲೆಕ್ಷನ್ನಿಗೆ ಬಿಳಿ ಪ್ಯಾಂಟು ಕಡ್ಡಾಯ. ಲಂಗ ದಾವಣಿಯ ಹುಡುಗಿಗೆ ಪ್ಯಾಂಟು ಎಲ್ಲಿಂದ ಬರಬೇಕು? ಅಮ್ಮ ಅಪ್ಪನ ಹಳೆಯ ಪಂಚೆಯೊಂದನ್ನು ಕತ್ತರಿಸಿ ಕೈಯಲ್ಲೇ ಹೊಲಿದಳು. ಹಾಕಿಕೊಂಡು ನಿಂತಾಗ ಜರಿಯಂಚು ಸರಿಯಾಗಿ ಎರಡೂ ಮೊಣಕಾಲ ಹತ್ತಿರ ಬಂದಿತ್ತು. ಅಜ್ಜಿ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಉಪನಯನದ ವಟು ಇದ್ದ ಹಾಗಿದ್ದೀಯ" ಎಂದಳು. ಅದರ ಮೇಲೆ ಸೀರೆ ಸುತ್ತಿಕೊಂಡು, ವಯಸ್ಸಿಗೆ ಬಂದ ಹುಡುಗಿಯನ್ನು ಒಬ್ಬಳನ್ನೇ ಕಳಿಸುವ ಹಾಗಿಲ್ಲವಾದ್ದರಿಂದ ಅಪ್ಪನನ್ನೂ ಜೊತೆಗೆ ಕಟ್ಟಿಕೊಂಡು, ಜೂನಿನ ಒಂದು ಬೆಳಿಗ್ಗೆ ಎರಡು ಬಸ್ಸು ಬದಲಿಸಿ ಹೊರಟೆ. ದಾರಿಯುದ್ದಕ್ಕೂ ಅಪ್ಪ ಕಿಟಕಿಯಾಚೆ ನೋಡುತ್ತ ಕೂತಿದ್ದರು. ಮೈಸೂರು ರಸ್ತೆಯಲ್ಲಿ ಊರು ಮುಗಿದು ರಾಗಿ ಹೊಲ ಶುರುವಾದಾಗ, "ಕಾಲೇಜು ಅಂದ್ರು, ಕಾಡು ಇದ್ದ ಹಾಗಿದೆ" ಎಂದು ಕಿಟಕಿಗೆ ಹೇಳಿದರು.

ಮೈದಾನದಲ್ಲಿ ಇಪ್ಪತ್ತು ಮೂವತ್ತು ಜನ ಹುಡುಗ ಹುಡುಗಿಯರಿದ್ದೆವು. ಪ್ರತಿಯೊಬ್ಬರ ಜೊತೆಗೂ ಒಬ್ಬೊಬ್ಬ ಅಪ್ಪ. ಆ ಅಪ್ಪಂದಿರೆಲ್ಲ ದೊಡ್ಡ ಹೊಂಗೆ ಮರದ ಕೆಳಗೆ, ಜಾಮೀನು ಕೊಡಲು ಬಂದವರ ಹಾಗೆ, ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದರು. ಓಟ, ಜಿಗಿತ, ಚೆಂಡೆಸೆತ ಎಲ್ಲ ಆಯಿತು. ಓಟದಲ್ಲಿ ನಾನು ಮುಂದೆಯೇ ಇದ್ದೆ. ಪಂಚೆಯ ಪ್ಯಾಂಟು ಒಂದು ಕಡೆ ಹೊಲಿಗೆ ಬಿಟ್ಟಿತೇ ಹೊರತು ಮಾನ ಬಿಡಲಿಲ್ಲ.

ಕೊನೆಯದು ಆಜ್ಞೆಯ ಪರೀಕ್ಷೆ. ಪ್ರತಿಯೊಬ್ಬರೂ ಒಂದು ಗುಂಪನ್ನು ಸಾಲಾಗಿ ನಿಲ್ಲಿಸಿ ಸ್ವಲ್ಪ ಹೊತ್ತು ಡ್ರಿಲ್ ಮಾಡಿಸಬೇಕು. ಆ ಗುಂಪಿಗೆಂದು ಪಕ್ಕದ ಹಳ್ಳಿಯ ಶಾಲೆಯಿಂದ ಹುಡುಗರು ಬರಬೇಕಿತ್ತು. ಹಿಂದಿನ ದಿನ ಹದವಾದ ಮಳೆ ಬಿದ್ದಿತ್ತು. ಹುಡುಗರೆಲ್ಲ ಬಿತ್ತನೆಗೆ ಹೋಗಿದ್ದರು. ಪರೀಕ್ಷೆ ನಡೆಸುತ್ತಿದ್ದ ಮೇಡಂ ಬಿಳಿ ಸೀರೆಗೆ ಕ್ಯಾನ್‌ವಾಸ್ ಶೂ ಹಾಕಿದ್ದ ಗಟ್ಟಿಗಿತ್ತಿ. ಖಾಲಿ ಮೈದಾನ ನೋಡಿದರು, ಗಡಿಯಾರ ನೋಡಿದರು, ಆಮೇಲೆ ಹೊಂಗೆ ಮರ ನೋಡಿದರು.

"ಪೇರೆಂಟ್ಸ್ ಎಲ್ಲಾ ಬನ್ನಿ. ಮೂರು ಸಾಲು. ಬೇಗ!"

ಅಪ್ಪಂದಿರು ಹಿಂದೆ ಮುಂದೆ ನೋಡಿದರು. ಓಡಿಹೋಗಲು ಬಸ್ಸು ಇರಲಿಲ್ಲ. ಕೆಂಗೇರಿ ಕಡೆಯ ಹಳ್ಳಿಯ ಒಬ್ಬ ಯಜಮಾನರು ರುಮಾಲು ಬಿಗಿದುಕೊಂಡು ಧೈರ್ಯವಾಗಿ ಮೊದಲು ಬಂದರು. ಫ್ಯಾಕ್ಟರಿಯ ಯೂನಿಫಾರ್ಮಿನವರೊಬ್ಬರು, ಆಫೀಸಿಗೆ ಅರ್ಧ ದಿನ ರಜೆ ಹಾಕಿದ್ದವರೊಬ್ಬರು, ಕೊಡೆ ಬಿಟ್ಟಿರಲಾರದವರೊಬ್ಬರು, ಹೀಗೆ ಸಾಲು ಬೆಳೆಯಿತು. ನಮ್ಮಪ್ಪ ಎರಡನೇ ಸಾಲಿನ ಕೊನೆಯಲ್ಲಿ, ಯಾರಿಗೂ ಕಾಣಬಾರದೆಂದು ಲೆಕ್ಕ ಹಾಕಿ ನಿಂತರು.

ಮುಂದಿನದು ನಮ್ಮವರು ಮಾತ್ರ ಮಾಡಬಲ್ಲಂಥ ಎಡವಟ್ಟು. ಹೆತ್ತವರ ಮುಂದೆ ಕಾಲು ನೀಡಿ ಕೂರಬಾರದು ಎಂದು ಕಲಿತ ಮಕ್ಕಳು ಈಗ ಅವರನ್ನೇ ಸೀಟಿ ಊದಿ ಬಗ್ಗಿಸಿ ಎಬ್ಬಿಸಬೇಕು! ಮೊದಲು ಹೋದ ಹುಡುಗ ಸಾಲಿನ ಮುಂದೆ ನಿಂತು, ಕೈಜೋಡಿಸಿ ಎಲ್ಲರಿಗೂ ನಮಸ್ಕಾರ ಮಾಡಿದ. ಅಪ್ಪಂದಿರೂ ನಮಸ್ಕಾರ ಮಾಡಿದರು. ಅಲ್ಲಿಂದ ಮುಂದೆ ಆಜ್ಞೆ ಹೊರಡಲೇ ಇಲ್ಲ. ಆಮೇಲೆ ಬಂದ ಹುಡುಗಿ ತೆಳ್ಳಗಿನ ದನಿಯಲ್ಲಿ, "ದಯವಿಟ್ಟು ಎಲ್ಲರೂ ಸ್ವಲ್ಪ ಕೈ ಎತ್ತಿ... ನಿಧಾನಕ್ಕೆ ಎತ್ತಿ, ಪರವಾಗಿಲ್ಲ" ಎಂದಳು. ಇನ್ನೊಬ್ಬ ತನ್ನ ಅಪ್ಪನ ಕಣ್ಣು ತಪ್ಪಿಸಲು ಗುಂಪಿಗೆ ಬೆನ್ನು ತಿರುಗಿಸಿ ಮರಕ್ಕೆ ಡ್ರಿಲ್ ಮಾಡಿಸಿದ. ಮೇಡಂಗೆ ರೇಗಿತು. "ಏನ್ರಪ್ಪಾ ಇದು, ಡ್ರಿಲ್ ಮಾಡಿಸ್ತಾ ಇದೀರೋ, ಮದುವೆಗೆ ಕರೀತಾ ಇದೀರೋ? ಜೋರಾಗಿ ಹೇಳಿ!"

ನನ್ನ ಸರದಿ ಬಂತು. ನನಗೆ ಸಂಕೋಚ ಎಂಬುದನ್ನು ದೇವರು ಕೊಟ್ಟಿರಲಿಲ್ಲ. ಕೊಟ್ಟಿದ್ದ ಅಲ್ಪಸ್ವಲ್ಪವನ್ನು ಎರಡು ವಾರದ ಗೋಡೆ ಮಾತು ತಿಂದುಹಾಕಿತ್ತು. ಸೀಟಿ ಊದಿ, "ಸಾವಧಾನ್!" ಎಂದು ಕೂಗಿದೆ. ಕೊಡೆಯವರ ಕೊಡೆ ಕೆಳಗೆ ಬಿತ್ತು. ಮೇಡಂ ಮೊದಲ ಸಲ ತಲೆಯೆತ್ತಿ ನೋಡಿದರು.

"ಕೈ ಮುಂದಕ್ಕೆ, ಒಂದು! ಮೇಲಕ್ಕೆ, ಎರಡು! ಪಕ್ಕಕ್ಕೆ, ಮೂರು! ಕೆಳಕ್ಕೆ, ನಾಲ್ಕು!"

ಏನು ಹೇಳಲಿ ಆ ಸಂತೋಷ! ರುಮಾಲು, ಕೋಟು, ಯೂನಿಫಾರ್ಮು ಎಲ್ಲ ನನ್ನ ಒಂದು ಮಾತಿಗೆ ಏಳುತ್ತಿದ್ದವು, ಇಳಿಯುತ್ತಿದ್ದವು. ಎರಡನೆಯ ಸುತ್ತಿನಲ್ಲಿ ಕಣ್ಣಿಗೆ ಬಿತ್ತು: ಎಲ್ಲರ ಕೈಗಳೂ ಆಕಾಶ ನೋಡುತ್ತಿರುವಾಗ, ಎರಡನೇ ಸಾಲಿನ ಕೊನೆಯಲ್ಲಿ ಒಂದು ಬಲಗೈ ಎದೆಯ ಮಟ್ಟದಲ್ಲೇ ನಿಂತಿತ್ತು. ನಮ್ಮಪ್ಪನದು. ಹಟ, ಎಂದುಕೊಂಡೆ. ಮಗಳ ಮಾತು ಕೇಳಿ ಪೂರ್ತಿ ಕೈ ಎತ್ತಿದರೆ ಮರ್ಯಾದೆಗೆ ಕಡಿಮೆ. ನನಗೆ ಸಿಟ್ಟು ನೆತ್ತಿಗೇರಿತು.

"ಎರಡನೇ ಸಾಲು, ಕೊನೆಯವ್ರು! ಬಲಗೈ ಪೂರ್ತಿ ಮೇಲಕ್ಕೆ!"

ಮೂರು ಸಾಲೂ ತಿರುಗಿ ನೋಡಿತು. ಅಪ್ಪ ಎಡಗೈಯನ್ನು ಕೆಳಗಿಳಿಸಿ, ಬಲ ಮೊಣಕೈ ಅಡಿಗೆ ಕೊಟ್ಟು ಎತ್ತಿದರು. ಕೈ ನಾಲ್ಕು ಬೆರಳು ಏರಿತು. ಆಮೇಲೆ ಹೆಗಲೇ ಕಿವಿಯ ಕಡೆ ಏರಿತು, ಸೊಂಟ ಎಡಕ್ಕೆ ವಾಲಿತು, ಕೈ ಮಾತ್ರ ಏರಲಿಲ್ಲ. ಹಟ ಮಾಡುವವರ ಮೈ ಹಾಗೆ ವಾಲುವುದಿಲ್ಲ. ಅಪ್ಪನ ಮುಖ ಬಿಳಿಚಿಕೊಂಡಿತ್ತು, ತುಟಿ ಕಚ್ಚಿದ್ದರು. ನಾನು ಹೇಳಿದ್ದಕ್ಕೆ ಇನ್ನೂ ಪ್ರಯತ್ನ ಮಾಡುತ್ತಲೇ ಇದ್ದರು.

"ಕೆಳಕ್ಕೆ!" ಎಂದೆ. ಕೈಯ ವ್ಯಾಯಾಮಗಳು ಇನ್ನೂ ಅರ್ಧ ಉಳಿದಿದ್ದವು. ಅವನ್ನೆಲ್ಲ ಬಿಟ್ಟು ಮೊಣಕಾಲು ಬಗ್ಗಿಸುವುದು, ನಿಂತಲ್ಲೇ ಹೆಜ್ಜೆ ಹಾಕುವುದು, ಇಷ್ಟೇ ಮಾಡಿಸಿ "ವಿಶ್ರಾಮ್" ಹೇಳಿದೆ.

ಮೇಡಂ ಹತ್ತಿರ ಕರೆದರು. "ಚೆನ್ನಾಗಿ ಮಾಡಿಸ್ತಾ ಇದ್ದೆ. ಕೈ ವ್ಯಾಯಾಮ ಯಾಕೆ ಅರ್ಧಕ್ಕೆ ಬಿಟ್ಟೆ?"

"ಒಬ್ಬರಿಗೆ ಭುಜ ಮೇಲೇಳಲ್ಲ ಮೇಡಂ. ನೋವಿದೆ."

"ಯಾರಿಗೆ?"

"ನಮ್ಮ ತಂದೆಗೆ."

ಮೇಡಂ ಎರಡನೇ ಸಾಲಿನ ಕಡೆ ಒಂದು ಸಲ ನೋಡಿ, "ಸರಿ, ಹೋಗು" ಎಂದರು.

ಮಧ್ಯಾಹ್ನದ ಹೊತ್ತಿಗೆ ಹೆಸರು ಓದಿದರು. ನನ್ನದಿತ್ತು. ಕುಣಿಯಬೇಕಾದ ಸುದ್ದಿ, ನಾನು ಅಪ್ಪನನ್ನು ಹುಡುಕಿದೆ. ಅಪ್ಪ ಆಗಲೇ ಬಸ್ ಸ್ಟಾಪಿನ ಕಡೆ ನಡೆಯುತ್ತಿದ್ದರು. ಅವರ ಹಿಂದೆ ಹೋಗುತ್ತ ನೋಡಿದೆ: ಎಡಗೈ ಬೀಸುತ್ತಿತ್ತು, ಬಲಗೈ ಮೈಗೆ ಅಂಟಿಕೊಂಡಿತ್ತು. ಆಮೇಲೆ ಒಂದೊಂದಾಗಿ ನೆನಪಾಗತೊಡಗಿತು. ಅಂಗಿಗೆ ಮೊದಲು ಬಲಗೈಯನ್ನು ಎಡಗೈಯಿಂದ ಹಿಡಿದು ತೂರಿಸಿ ಆಮೇಲೆ ಎಡಗೈ ತೂರಿಸುವುದು. ಸ್ನಾನದ ಚೊಂಬು ಎಡಗೈಗೆ ಬಂದದ್ದು. ಹೊಸ ಕ್ಯಾಲೆಂಡರಿನ ಮೊಳೆಯನ್ನು ಅಮ್ಮನಿಂದ ಹೊಡೆಸಿದ್ದು. ಊರಿನವರ ಸೊಂಟ, ಮೊಣಕಾಲು, ಹಿಮ್ಮಡಿಗೆಲ್ಲ ಭವಿಷ್ಯ ಹೇಳುವ ಮಹಾ ಪಂಡಿತೆಗೆ ದಿನಾ ಎದುರಿಗೆ ಊಟಕ್ಕೆ ಕೂರುವವರ ಭುಜ ಕಂಡಿರಲಿಲ್ಲ. ಅಳು ಬಂತು, ಮತ್ತೆ ಸುತ್ತಿಕೊಂಡಿದ್ದ ಸೀರೆಯ ಸೆರಗಿನಲ್ಲಿ ಮೂಗು ಒರೆಸಿಕೊಂಡೆ.

ಬಸ್ ಸ್ಟಾಪಿನ ಕಲ್ಲಿನ ಮೇಲೆ ಕೂತಾಗ ಕೇಳಿದೆ, "ಯಾವಾಗಿಂದ ಅಪ್ಪ?"

"ದೀಪಾವಳಿಯಿಂದ." ಗೋಡೆಗೂ ಕಿಟಕಿಗೂ ಅಲ್ಲ, ನನಗೇ ಹೇಳಿದರು. "ಬೋರ್ಡಿನ ಕೆಳಗಡೆ ಅರ್ಧದಲ್ಲೇ ಬರೀತಾ ಇದೀನಿ. ಹಿಂದಿನ ಬೆಂಚಿನವ್ರು ಎದ್ದು ನಿಂತು ನೋಡ್ತಾರೆ. ಹುಡುಗ್ರಿಗೆ ಶಿಸ್ತು ಬಂದಿದೆ ಅಂತ ಹೆಡ್‌ಮಾಸ್ಟರ್ ಅಂದ್ಕೊಂಡಿದ್ದಾರೆ."

"ಅಮ್ಮಂಗೆ ಹೇಳಿಲ್ವಾ?"

"ಹೇಳಿದ್ರೆ ಊರೆಲ್ಲಾ ಎಣ್ಣೆ ತರ್ತಾಳೆ. ನಾಳೆ ಸ್ಕೂಲಿಗೆ ಗೊತ್ತಾಗುತ್ತೆ. ಬೋರ್ಡ್ ಮೇಲೆ ಬರಿಯೋಕೆ ಆಗ್ದೇ ಇರೋ ಲೆಕ್ಕದ ಮೇಷ್ಟ್ರನ್ನ ಇಟ್ಕೊಂಡು ಏನ್ ಮಾಡ್ತಾರೆ?" ಆಮೇಲೆ, ತರಗತಿಯಲ್ಲಿ ಪ್ರಶ್ನೆ ಕೇಳುವ ದನಿಯಲ್ಲೇ ಕೇಳಿದರು: "ಯಾಕೆ ಹೀಗಾಗುತ್ತೆ? ನೀನು ಹೇಳು."

ನನ್ನ ಬಾಯಲ್ಲಿ ಉತ್ತರಗಳು ಸಾಲುಗಟ್ಟಿ ನಿಂತಿದ್ದವು. ಸ್ನಾಯು, ಕೀಲು, ನರ. ಎಷ್ಟೋ ದಿನದಿಂದ ಈ ಒಂದು ಪ್ರಶ್ನೆಗಾಗಿ ನಾಲಿಗೆ ಮಸೆದುಕೊಂಡಿದ್ದೆ. ಅಪ್ಪನ ಕೈ ಮಡಿಲಲ್ಲಿ ಬಿದ್ದಿತ್ತು. ಅದನ್ನು ನೋಡುತ್ತ ಸುಳ್ಳು ಹೇಳಲಾಗಲಿಲ್ಲ.

"ಗೊತ್ತಿಲ್ಲ ಅಪ್ಪ" ಎಂದೆ.

"ಅಲ್ಲಿ ಹೇಳ್ಕೊಡ್ತಾರಾ?"

"ಅದೂ ಗೊತ್ತಿಲ್ಲ. ಹೇಳ್ಕೊಡ್ದಿದ್ರೆ ಕೇಳ್ತೀನಿ."

ಬಸ್ಸು ಬಂತು. ಕಾಲಿಡಲು ಜಾಗವಿರಲಿಲ್ಲ, ಸಂತೆ ಮುಗಿಸಿದವರು, ಬುಟ್ಟಿಗಳು, ಒಂದು ಕೋಳಿ. ನಾವು ಮಧ್ಯದಲ್ಲಿ ಸಿಕ್ಕಿಕೊಂಡೆವು. ಅಪ್ಪನ ಎಡಗೈ ಯಾರದೋ ಮೂಟೆಯ ಹಿಂದೆ ಸೇರಿಹೋಯಿತು. ಡ್ರೈವರು ಬ್ರೇಕು ಹಾಕಿದಾಗಲೆಲ್ಲ ಅವರು ಮುಂದಕ್ಕೆ ಮುಗ್ಗರಿಸುತ್ತಿದ್ದರು. ಕಂಡಕ್ಟರು ಹಿಂದಿನಿಂದ, "ಸಾರ್, ಮೇಲೆ ಕಂಬಿ ಹಿಡ್ಕೊಳಿ ಸಾರ್! ಬಿದ್ಗಿದ್ದೀರಾ!" ಎಂದು ಕೂಗಿದ. ಅಪ್ಪ ತಲೆಯೆತ್ತಿ ಆ ಕಂಬಿಯನ್ನು ನೋಡಿದರು. ಬಿಡಿಸಲು ಬಾರದ ಲೆಕ್ಕವನ್ನು ನೋಡುವ ಹುಡುಗರ ಹಾಗೆ ನೋಡಿದರು.

ನಾನು ಕಂಬಿ ಹಿಡಿದು ಅವರ ಪಕ್ಕಕ್ಕೆ ಒತ್ತಿ ನಿಂತೆ. ಬೆಳೆದ ಮಗಳನ್ನು ಮುಟ್ಟುವ ಪದ್ಧತಿ ನಮ್ಮಪ್ಪನದಲ್ಲ. ಜ್ವರ ಬಂದರೂ ಹಣೆ ಮುಟ್ಟಿ ನೋಡಲು ಅಮ್ಮನನ್ನೇ ಕಳಿಸುತ್ತಿದ್ದರು. ಮುಂದಿನ ಬ್ರೇಕಿಗೆ ಅವರ ಬಲಗೈ ಎಷ್ಟು ಏರಬಹುದೋ ಅಷ್ಟು ಏರಿ ನನ್ನ ತೋಳು ಹಿಡಿದುಕೊಂಡಿತು. ಹಾಗೆಯೇ ಹಿಡಿದು ನಿಂತರು.

ಬಾಪೂಜಿ ನಗರ ದಾಟುವಾಗ ಕೇಳಿದರು, "ಕ್ಲಾಸು ಯಾವತ್ತಿಂದ?"

"ಮುಂದಿನ ತಿಂಗಳಿಂದ."

"ಬೇಗ ಕಲಿ" ಎಂದರು.